ಕಾರಿನ ಮೈಗೆ ಒಪ್ಪ: ಮೆದು ಬಣ್ಣ, ಗಡಸು ಬಣ್ಣ

ದೇವರ ಮನೆಯ ಬೆಳ್ಳಿ ಸಾಮಾನು ಬೆಳಗುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಕುಂಕುಮದ ಭರಣಿಯನ್ನು ಹಬ್ಬಹಬ್ಬಕ್ಕೂ ವಿಭೂತಿ ಹಚ್ಚಿ ಉಜ್ಜಿದರೆ ಅದು ಥಳಥಳಿಸುತ್ತದೆ. ಮೂವತ್ತು ನಲವತ್ತು ವರ್ಷ ಹೀಗೆ ಉಜ್ಜಿದ ಮೇಲೆ ಮುಚ್ಚಳದ ಮೇಲೆ ಕೊರೆದಿದ್ದ ಹೂಬಳ್ಳಿ ಸವೆದು ಮಾಯವಾಗಿರುತ್ತದೆ. ಗಟ್ಟಿ ಬೆಳ್ಳಿಯ ಭರಣಿಯಾದರೆ ಹೂಬಳ್ಳಿ ಹೋಯಿತು, ಅಷ್ಟೆ. ಹಿತ್ತಾಳೆಗೆ ಬೆಳ್ಳಿಯ ಮುಲಾಮು ಹಾಕಿಸಿದ್ದಾದರೆ ಒಂದು ದಿನ ಒಳಗಿನ ಹಳದಿ ಇಣುಕಿ ನೋಡುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಬೆಳ್ಳಿ ಬಾರದು; ಉಜ್ಜಿದಷ್ಟೂ ಹಿತ್ತಾಳೆಯೇ ಹೆಚ್ಚು ಕಾಣುತ್ತದೆ.

ಕಾರಿನ ಮೈಗೆ ಒಪ್ಪ ಹಾಕಿಸುವ ಮಾತು ಬಂದಾಗ ಈ ಮುಲಾಮಿನ ಭರಣಿಯನ್ನು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು. ಪಾಲಿಶ್ ಎಂದರೆ ಬಣ್ಣದ ಮೇಲೆ ಏನನ್ನೋ ಹೊಸದಾಗಿ ಬಳಿಯುವುದೆಂದು ನಮ್ಮಲ್ಲಿ ಬಹು ಮಂದಿ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಕಳೆಯುವ ಕೆಲಸ. ಗೀರು ಹೋಗಬೇಕಾದರೆ ಗೀರಿನ ತಳದವರೆಗೆ ಸುತ್ತಲಿನ ಬಣ್ಣವೇ ಸವೆಯಬೇಕು. ಹೊಲದಲ್ಲಿ ಗುಂಡಿ ಬಿದ್ದಾಗ ಮಣ್ಣು ತಂದು ತುಂಬುವ ಬದಲು, ಗುಂಡಿಯ ಆಳಕ್ಕೆ ಸರಿಯಾಗಿ ಇಡೀ ಹೊಲವನ್ನೇ ಕೆತ್ತಿ ಸಮ ಮಾಡಿದ ಹಾಗೆ.

ಇದು ನೆನ್ನೆ ಮೊನ್ನೆಯ ತಿಳಿವಳಿಕೆಯೇನೂ ಅಲ್ಲ. 1704ರಲ್ಲಿ ಪ್ರಕಟವಾದ ‘ಆಪ್ಟಿಕ್ಸ್’ ಎಂಬ ಗ್ರಂಥದಲ್ಲಿ ನ್ಯೂಟನ್ ಗಾಜಿಗೆ ಒಪ್ಪ ಹಾಕುವ ವಿಚಾರವನ್ನು ಪ್ರಸ್ತಾಪಿಸಿದ್ದಾನೆ. ನುಣ್ಣನೆಯ ಪುಡಿಯಿಂದ ಎಷ್ಟು ಉಜ್ಜಿದರೂ ಗಾಜಿನ ಮೈ ಸಂಪೂರ್ಣ ಸಮವಾಗುವುದಿಲ್ಲ. ಅದರ ಮೇಲಿನ ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗುತ್ತವೆ, ಅಷ್ಟೇ ಎಂಬುದು ಅವನ ಅಭಿಪ್ರಾಯದ ಸಾರ. ದೊಡ್ಡ ಗೀರನ್ನು ಸಣ್ಣ ಗೀರುಗಳಾಗಿ, ಸಣ್ಣವನ್ನು ಇನ್ನೂ ಸಣ್ಣವಾಗಿ ಮಾರ್ಪಡಿಸುತ್ತ ಹೋಗುವುದೇ ಒಪ್ಪದ ಗುಟ್ಟು. ಕಾರಿನ ಬಣ್ಣಕ್ಕೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಕಳೆಯುವುದಕ್ಕೆ ನಮ್ಮಲ್ಲಿರುವ ಬಂಡವಾಳವೆಷ್ಟು? ಇಂದಿನ ಕಾರಿನ ತಗಡಿನ ಮೇಲೆ ಒಂದರ ಮೇಲೊಂದು ಪದರಗಳಿರುತ್ತವೆ. ತಗಡಿಗೆ ತುಕ್ಕು ತಾಗದಂತೆ ಅಡಿಯಲ್ಲಿ ಒಂದು ಲೇಪ. ಅದರ ಮೇಲೆ ಪ್ರೈಮರ್. ಅದರ ಮೇಲೆ ಬಣ್ಣದ ತೆಳು ಲೇಪ. ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ, ನೀರಿನಂತೆ ತಿಳಿಯಾದ ಇನ್ನೊಂದು ಲೇಪ. ಈ ಕೊನೆಯದನ್ನು ಕಸುಬಿನವರು ಕ್ಲಿಯರ್ ಕೋಟ್ ಎನ್ನುತ್ತಾರೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ತಿಳಿ ಲೇಪದ ಪಾಲು ಸುಮಾರು 35ರಿಂದ 50. ನಿಮ್ಮ ತಲೆಯ ಒಂದು ಕೂದಲು ಸುಮಾರು 70 ಮೈಕ್ರಾನ್ ಇರುತ್ತದೆಂದರೆ, ಕಾರಿನ ಹೊಳಪೆಲ್ಲ ಅರ್ಧ ಕೂದಲಿನ ದಪ್ಪದ ಪೊರೆಯಲ್ಲಿದೆ ಎಂದಾಯಿತು.

ಈ ಪೊರೆ ಅಂದಕ್ಕೆ ಮಾತ್ರ ಇರುವುದಲ್ಲ. ಬಿಸಿಲಿನ ಅತಿನೇರಿಳೆ ಕಿರಣಗಳನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದೂ ಇದೇ. ಒಂದು ಸಲ ಬಿರುಸಾಗಿ ಉಜ್ಜಿಸಿದರೆ 4 ಮೈಕ್ರಾನ್ ಹೋಯಿತೆಂದು ಇಟ್ಟುಕೊಳ್ಳಿ. ಪೊರೆ 40 ಮೈಕ್ರಾನ್ ಇರುವುದರಿಂದ ಹತ್ತು ಸಲ ಉಜ್ಜಿಸಬಹುದೆಂದು ಲೆಕ್ಕ ಹಾಕುವಂತಿಲ್ಲ. ಪೂರ್ತಿ ಸವೆಯುವುದಕ್ಕೆ ಬಹಳ ಮೊದಲೇ ತೆಳುವಾದ ಪೊರೆ ಬಿಸಿಲನ್ನು ತಾಳಲಾರದೆ ಬಿಳಿಚಿಕೊಂಡು, ಹಾವಿನ ಪೊರೆಯಂತೆ ಸುಲಿಯತೊಡಗುತ್ತದೆ. ಹಳೆಯ ಕಾರುಗಳ ಛಾವಣಿಯ ಮೇಲೂ ಬಾನೆಟ್ಟಿನ ಮೇಲೂ ನೀವು ಇದನ್ನು ನೋಡಿರಬಹುದು.

ಇನ್ನು ಗೀರುಗಳ ವಿಷಯ. ಕಪ್ಪು ಕಾರೊಂದನ್ನು ಸಂಜೆ ಬೀದಿದೀಪದ ಕೆಳಗೆ ನಿಲ್ಲಿಸಿ ನೋಡಿ. ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸಾವಿರ ಸಣ್ಣ ಗೆರೆಗಳು ವರ್ತುಲ ವರ್ತುಲವಾಗಿ ಕಾಣುತ್ತವೆ. ನೀವು ಪಕ್ಕಕ್ಕೆ ಸರಿದರೆ ಬಲೆಯೂ ನಿಮ್ಮ ಜೊತೆಗೆ ಸರಿಯುತ್ತದೆ. ಯಾರೋ ಸುತ್ತಿ ಸುತ್ತಿ ಒರೆಸಿದ್ದರಿಂದ ಹೀಗಾಯಿತೆಂದು ಹಲವರು ಭಾವಿಸುತ್ತಾರೆ. ಗೀರುಗಳು ನಿಜವಾಗಿ ಎಲ್ಲ ದಿಕ್ಕಿಗೂ ಇವೆ. ಅವುಗಳಲ್ಲಿ ದೀಪವನ್ನು ಬಳಸಿಕೊಂಡಂತೆ ಅಡ್ಡಲಾಗಿ ಬಿದ್ದಿರುವ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿನ ಕಡೆಗೆ ತಿರುಗಿಸುತ್ತವೆ. ಅಡುಗೆ ಮನೆಯ ಹಳೆಯ ಸ್ಟೀಲ್ ತಟ್ಟೆಯನ್ನು ದೀಪಕ್ಕೆ ಹಿಡಿದರೆ ಇದೇ ಬಲೆಯನ್ನು ಅಲ್ಲಿಯೂ ನೋಡಬಹುದು. ಬಿಳಿಯ ಕಾರಿನಲ್ಲೂ ಇಷ್ಟೇ ಗೀರುಗಳಿರುತ್ತವೆ. ಬಿಳುಪು ಅವನ್ನು ಮುಚ್ಚಿಕೊಳ್ಳುತ್ತದೆ, ಕಪ್ಪು ಬಯಲಿಗೆಳೆಯುತ್ತದೆ.

ಈ ಗೀರುಗಳನ್ನು ತೆಗೆಸಬೇಕೆಂದು ಹೊರಟವರು ಮೊದಲು ತಿಳಿಯಬೇಕಾದದ್ದು, ತಮ್ಮ ಕಾರಿನ ಬಣ್ಣ ಯಾವ ಜಾತಿಯದು ಎಂಬುದನ್ನು. ಇದಕ್ಕಾಗಿ ಸ್ವಲ್ಪ ಹಿಂದಿನ ಕಥೆಯನ್ನು ಹೇಳಬೇಕಾಗುತ್ತದೆ.

ಮೋಟಾರು ಕಾರು ಹುಟ್ಟಿದ ಕಾಲದಲ್ಲಿ ಅದಕ್ಕೆ ಸಾರೋಟಿನ ಬಣ್ಣವನ್ನೇ ಬಳಿಯುತ್ತಿದ್ದರು. ಎಣ್ಣೆಯ ವಾರ್ನಿಶ್ಶನ್ನು ಕುಂಚದಿಂದ ಒಂದು ಸಲ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು ಮುಗಿಸುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದವು. 1920ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯವರು ನೈಟ್ರೋಸೆಲ್ಯುಲೋಸ್ ಎಂಬ ಪದಾರ್ಥದಿಂದ ಹೊಸ ಬಗೆಯ ಅರಗಿನ ಬಣ್ಣವನ್ನು ತಯಾರಿಸಿ ಅದಕ್ಕೆ ಡ್ಯೂಕೊ ಎಂದು ಹೆಸರಿಟ್ಟರು. ಜನರಲ್ ಮೋಟಾರ್ಸ್‌ನವರ ಓಕ್‌ಲೆಂಡ್ ಕಾರಿನ 1924ರ ಮಾದರಿ ಈ ಬಣ್ಣ ತೊಟ್ಟು ಮಾರುಕಟ್ಟೆಗೆ ಬಂತು. ವಾರಗಟ್ಟಲೆ ಕಾಯಬೇಕಾಗಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮಲ್ಲಿ ಮರದ ಬೀರುವಿಗೆ ಪಿಚಕಾರಿಯಿಂದ ಹೊಡೆಯುವ ಬಣ್ಣಕ್ಕೂ ‘ಡ್ಯೂಕೊ’ ಎಂಬ ಹೆಸರು ಅಂಟಿಕೊಂಡದ್ದು ಇದರಿಂದಲೇ.

ಈ ಅರಗಿನ ಬಣ್ಣಕ್ಕೆ ಒಂದು ಸ್ವಭಾವವಿತ್ತು. ಅದರಲ್ಲಿನ ತಿನ್ನರ್ ಆರಿಹೋದರೆ ಬಣ್ಣ ಒಣಗಿತು. ಮತ್ತೆ ತಿನ್ನರ್ ಸೋಕಿದರೆ ಕರಗಿತು. ಒಣಗಿದಾಗ ಅದರ ಮೈ ಮಂಕಾಗಿರುತ್ತಿತ್ತು; ಹೊಳಪು ಬರಬೇಕಾದರೆ ಉಜ್ಜಲೇಬೇಕಿತ್ತು. ಬಿಸಿಲಿಗೆ ಬಹು ಬೇಗ ಪುಡಿಯಾಗಿ ಸೀಮೆಸುಣ್ಣ ಸವರಿದಂತಾಗುತ್ತಿತ್ತು. ಆಗ ರಬ್ಬಿಂಗ್ ಕಾಂಪೌಂಡ್ ಹಾಕಿ ಸತ್ತ ಪದರವನ್ನು ತೆಗೆದರೆ ಕೆಳಗೆ ಹೊಸ ಬಣ್ಣ ಸಿಗುತ್ತಿತ್ತು, ಏಕೆಂದರೆ ಬಣ್ಣ ಆಳದವರೆಗೂ ಒಂದೇ ಆಗಿತ್ತು. ಸವೆದರೆ ಗ್ಯಾರೇಜಿನಲ್ಲಿಯೇ ಇನ್ನೆರಡು ಕೈ ಹೊಡೆಯಬಹುದಾಗಿತ್ತು. ನಮ್ಮ ದೇಶದಲ್ಲಿ 1950ರ ದಶಕದ ಕೊನೆಯಿಂದ 2014ರ ತನಕ ತಯಾರಾದ ಅಂಬಾಸಿಡರ್ ಕಾರುಗಳನ್ನೂ, ಅದರ ಜೊತೆಗಾರ ಫಿಯಟ್ಟುಗಳನ್ನೂ ಎಷ್ಟೋ ಗ್ಯಾರೇಜುಗಳ ಮೇಸ್ತ್ರಿಗಳು ಈ ಬಗೆಯಲ್ಲಿಯೇ ದಶಕಗಟ್ಟಲೆ ಹೊಸದರಂತೆ ಇಟ್ಟರು. ಅವರ ಕೈಗೆ ಬಂದ ಅಭ್ಯಾಸ ತಪ್ಪಲ್ಲ. ಅದು ಮೆದುವಾದ, ದಪ್ಪವಾದ, ಮತ್ತೆ ತುಂಬಬಹುದಾದ ಬಣ್ಣಕ್ಕೆ ಹುಟ್ಟಿದ ಅಭ್ಯಾಸ.

1980ರ ದಶಕದಲ್ಲಿ ಕ್ಲಿಯರ್ ಕೋಟ್ ಕಾರು ಕಾರ್ಖಾನೆಗಳಲ್ಲಿ ಹರಡಿದ ಮೇಲೆ ವ್ಯವಹಾರವೇ ಬದಲಾಯಿತು. ಇಂದಿನ ಲೇಪ ಒಣಗುವುದು ತಿನ್ನರ್ ಆರಿದ ಮಾತ್ರಕ್ಕೆ ಅಲ್ಲ. ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದ ಗೂಡಿನಲ್ಲಿ ಅದನ್ನು ಬೇಯಿಸುತ್ತಾರೆ. ಬೇಯುವಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಬೆಂದ ಇಡ್ಲಿ ಮತ್ತೆ ಹಿಟ್ಟಾಗದ ಹಾಗೆ, ಹೆಣೆದ ಬಲೆ ಮತ್ತೆ ಕರಗುವುದಿಲ್ಲ. ಈ ಹೆಣಿಗೆ ಎಷ್ಟು ಒತ್ತಾಗಿದೆ, ಅದರ ಎಳೆಗಳು ಎಷ್ಟು ಬಿರುಸು ಅಥವಾ ಎಷ್ಟು ಬಳುಕು ಎಂಬುದರ ಮೇಲೆ ಲೇಪ ಗಡಸೋ ಮೆದುವೋ ಆಗುತ್ತದೆ.

ಗಡಸುತನವನ್ನು ಅಳೆಯಲು ಬಣ್ಣದ ಕಾರ್ಖಾನೆಗಳಲ್ಲಿ ಬಹು ಸರಳವಾದ ಒಂದು ಪರೀಕ್ಷೆಯುಂಟು. ಅದಕ್ಕೆ ಬೇಕಾದದ್ದು ಚಿತ್ರ ಬರೆಯುವವರ ಪೆನ್ಸಿಲ್ಲುಗಳು. 6ಬಿ ಎಂಬ ಅತಿ ಮೆದುವಾದ ಪೆನ್ಸಿಲಿನಿಂದ ಹಿಡಿದು ಎಚ್‌ಬಿಯನ್ನು ದಾಟಿ 6ಎಚ್, ಅದಕ್ಕೂ ಗಡಸಾದ 9ಎಚ್‌ವರೆಗೆ ಒಂದೊಂದನ್ನೇ 45 ಡಿಗ್ರಿ ಓರೆಯಾಗಿ ಒತ್ತಿ ಬಣ್ಣದ ಮೇಲೆ ತಳ್ಳುತ್ತಾರೆ. ಬಣ್ಣವನ್ನು ಗೀರಲಾರದ ಪೆನ್ಸಿಲ್ಲುಗಳಲ್ಲಿ ಅತಿ ಗಡಸಾದದ್ದು ಯಾವುದೋ ಅದೇ ಆ ಬಣ್ಣದ ಅಂಕ. ‘9ಎಚ್ ಗಡಸುತನದ ಲೇಪ’ ಎಂದು ಅಂಗಡಿಗಳಲ್ಲಿ ಫಲಕ ಹಾಕಿರುವುದನ್ನು ನೀವು ನೋಡಿರಬಹುದು. ಅದು ವಜ್ರದ ಲೆಕ್ಕವಲ್ಲ, ಪೆನ್ಸಿಲಿನ ಲೆಕ್ಕ. ನಮ್ಮ ಬೀದಿಯ ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿ ಖನಿಜಗಳ ಮೋಸ್ ಅಳತೆಯಲ್ಲಿ 7ನೆಯ ಮೆಟ್ಟಿಲಲ್ಲಿದೆ. ಅದು ಕಿಟಕಿಯ ಗಾಜನ್ನೇ ಗೀರಬಲ್ಲದು. ಯಾವ ಪೆನ್ಸಿಲೂ ಅದರ ಮುಂದೆ ನಿಲ್ಲದು.

ಹಾಗಿದ್ದರೆ ಗಡಸು ಬಣ್ಣ ಒಳ್ಳೆಯದು, ಮೆದು ಬಣ್ಣ ಕೆಟ್ಟದ್ದು ಎಂದು ತೀರ್ಮಾನಿಸಬಹುದೆ? ತಯಾರಕರೇ ಈ ವಿಷಯದಲ್ಲಿ ಎರಡು ದಾರಿ ಹಿಡಿದಿದ್ದಾರೆ. ಮರ್ಸಿಡಿಸ್ ಬೆಂಜ್‌ನವರು 2003ರ ಕೊನೆಯಲ್ಲಿ ಅತಿ ಸೂಕ್ಷ್ಮವಾದ ಸೆರಾಮಿಕ್ ಕಣಗಳನ್ನು ಸೇರಿಸಿದ ಗಡಸು ತಿಳಿಲೇಪವನ್ನು ತಂದರು. ಗೀರು ಬೀಳದಂತೆ ಎದುರಿಸಿ ನಿಲ್ಲುವುದು ಅದರ ಉಪಾಯ. ಜಪಾನಿನ ನಿಸಾನ್‌ನವರು 2005ರಲ್ಲಿ ಪ್ರಕಟಿಸಿದ ಲೇಪದ ಉಪಾಯ ಇದಕ್ಕೆ ತೀರ ವಿರುದ್ಧ. ಅದು ರಬ್ಬರಿನ ಗುಣವುಳ್ಳದ್ದು. ಸಣ್ಣ ಗೀರು ಬಿದ್ದರೆ ತಗ್ಗಿ, ಬೆಚ್ಚಗಿನ ಹವೆಯಲ್ಲಿ ಕೆಲವು ದಿನಗಳಲ್ಲಿ ತಾನಾಗಿಯೇ ಮೇಲೆದ್ದು ಸಮವಾಗುತ್ತದೆ. ಬಿರುಗಾಳಿಗೆ ಮರ ನಿಂತು ಎದುರಿಸುತ್ತದೆ, ಹುಲ್ಲು ಬಾಗಿ ಉಳಿಯುತ್ತದೆ. ಎರಡೂ ಬದುಕುವ ಕ್ರಮಗಳೇ.

ಒಪ್ಪ ಹಾಕುವವನಿಗೆ ಮಾತ್ರ ಈ ಎರಡು ಜಾತಿಗಳು ಎರಡು ಬೇರೆ ಬೇರೆ ಪರೀಕ್ಷೆಗಳನ್ನು ಒಡ್ಡುತ್ತವೆ. ಒಪ್ಪದ ಕೆಲಸದಲ್ಲಿ ಎರಡು ಘಟ್ಟಗಳಿವೆ ಎಂಬುದನ್ನು ನೆನಪಿನಲ್ಲಿಡಿ. ಮೊದಲನೆಯದು ಗೀರು ತೆಗೆಯುವುದು. ಎರಡನೆಯದು, ತೆಗೆಯುವಾಗ ನಾವೇ ಮಾಡಿದ ಸಣ್ಣ ಗೀರುಗಳನ್ನು ಅಡಗಿಸಿ ಹೊಳಪು ತರುವುದು.

ಗಡಸು ಬಣ್ಣದಲ್ಲಿ ಮೊದಲ ಘಟ್ಟ ಕಷ್ಟ, ಎರಡನೆಯದು ಸುಲಭ. ನಯವಾದ ಪಾಲಿಶ್ ಹಾಕಿ ಸ್ಪಂಜಿನ ಪ್ಯಾಡಿನಿಂದ ಎಷ್ಟು ಉಜ್ಜಿದರೂ ಗೀರು ಜಗ್ಗುವುದಿಲ್ಲ. ಬಿರುಸಾದ ಕಾಂಪೌಂಡು ಬೇಕು, ಉಣ್ಣೆಯದೋ ಮೈಕ್ರೋಫೈಬರಿನದೋ ಪ್ಯಾಡು ಬೇಕು, ತಾಳ್ಮೆ ಬೇಕು. ಇಂಥ ಕಾಂಪೌಂಡುಗಳಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯೂಮಿನಿಯಂ ಆಕ್ಸೈಡಿನ ಕಣಗಳು. ಮಾಣಿಕ್ಯ, ನೀಲಗಳ ಮೂಲವಸ್ತುವೂ ಅದೇ. ಒಂದು ಸಲ ಗೀರು ಹೋಯಿತೆಂದರೆ ಆಮೇಲೆ ಸ್ವಲ್ಪ ನಯವಾದ ಪಾಲಿಶ್ ಹಾಕಿದರೆ ಸಾಕು, ಗಡಸು ಬಣ್ಣ ಕನ್ನಡಿಯಂತೆ ಕಳೆಗಟ್ಟುತ್ತದೆ. ಒರೆಸುವ ಬಟ್ಟೆ ಅದಕ್ಕೆ ಅಷ್ಟಾಗಿ ತರಚುವುದೂ ಇಲ್ಲ.

ಮೆದು ಬಣ್ಣದಲ್ಲಿ ಇದು ತಲೆಕೆಳಗು. ಗೀರು ತೆಗೆಯುವುದು ಎರಡು ನಿಮಿಷದ ಕೆಲಸ. ನೋಡಿದವರು ‘ಆಹಾ, ಎಷ್ಟು ಬೇಗ!’ ಎನ್ನುತ್ತಾರೆ. ಬಿಸಿಲಿಗೆ ತಂದು ನೋಡಿದರೆ ಬಣ್ಣದ ಮೇಲೆ ಹೊಗೆ ಕವಿದಂತೆ ಮಂಕು. ಅದು ಆ ಕಾಂಪೌಂಡೇ ಮಾಡಿದ ಹೊಸ ಗೀರುಗಳ ಮಂಕು. ಅದನ್ನು ತೆಗೆಯಲು ನಯವಾದ ಪಾಲಿಶ್ ಹಾಕಿದರೆ, ಪಾಲಿಶನ್ನು ಒರೆಸಿದ ಬಟ್ಟೆಯೇ ಇನ್ನೊಂದಿಷ್ಟು ಗೆರೆ ಎಳೆಯುತ್ತದೆ. ಇಲ್ಲಿ ಬೇಕಾದದ್ದು ಹಗುರವಾದ ಕೈ, ಮೆತ್ತನೆಯ ಸ್ಪಂಜು, ಪದೇ ಪದೇ ಶುಚಿ ಮಾಡಿದ ಪ್ಯಾಡು, ಒಗೆದ ಹೊಸ ಬಟ್ಟೆ. ಬೆಳ್ಳಿಯ ಭರಣಿಯನ್ನು ನುಣ್ಣನೆಯ ವಿಭೂತಿಯಿಂದಲೇ ಉಜ್ಜುವ ಗೃಹಿಣಿ ಪಾತ್ರೆ ತಿಕ್ಕುವ ತೆಂಗಿನ ನಾರನ್ನು ಅದರ ಹತ್ತಿರ ಸುಳಿಯಗೊಡುವುದಿಲ್ಲವಷ್ಟೆ? ಸ್ಟೀಲ್ ಪಾತ್ರೆಗೆ ಒಂದು ನ್ಯಾಯ, ಬೆಳ್ಳಿಗೆ ಒಂದು ನ್ಯಾಯ. ಗಡಸು ಬಣ್ಣವನ್ನು ಗೆಲ್ಲುವ ಬಿರುಸು ಮೆದು ಬಣ್ಣವನ್ನು ಕೆಡಿಸುತ್ತದೆ. ಮೆದು ಬಣ್ಣಕ್ಕೆ ಒಗ್ಗುವ ನಯ ಗಡಸು ಬಣ್ಣದ ಮೇಲೆ ದಿನವಿಡೀ ತಿರುಗಿದರೂ ಫಲವಿಲ್ಲ.

ನಮ್ಮ ಕಾರು ಯಾವ ಜಾತಿ ಎಂದು ತಿಳಿಯುವುದು ಹೇಗೆ? ಜರ್ಮನಿಯ ಕಾರುಗಳ ಬಣ್ಣ ಗಡಸು, ಜಪಾನಿನವುಗಳದ್ದು ಮೆದು ಎಂಬ ಮಾತು ಕಸುಬಿನವರಲ್ಲಿ ಬಹಳವಾಗಿ ಕೇಳಿಬರುತ್ತದೆ. ಅದರಲ್ಲಿ ಅನುಭವದ ಸತ್ಯಾಂಶ ಉಂಟಾದರೂ ಅದನ್ನೇ ನಂಬಿ ಯಂತ್ರ ಹಿಡಿಯುವಂತಿಲ್ಲ. ಒಂದೇ ಕಂಪನಿಯ ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಬಳಸುವ ಲೇಪಗಳು ಬೇರೆ ಬೇರೆ. ಅಪಘಾತವಾಗಿ ಒಂದು ಬಾಗಿಲಿಗೆ ಮಾತ್ರ ಮತ್ತೆ ಬಣ್ಣ ಹೊಡೆಸಿದ್ದರೆ, ಆ ಬಾಗಿಲು ಮೆದುವಾಗಿದ್ದು ಪಕ್ಕದ ಬಾಗಿಲು ಗಡಸಾಗಿರುವುದೂ ಉಂಟು. ಆದ್ದರಿಂದ ಕಾರಿನ ಹೆಸರನ್ನು ಕೇಳುವುದಕ್ಕಿಂತ ಕಾರನ್ನೇ ಕೇಳುವುದು ಲೇಸು.

ಕೇಳುವ ಕ್ರಮ ಹೀಗೆ. ಮೊದಲು, ಮರೆಯಾದ ಒಂದು ಮೂಲೆಯಲ್ಲಿ ಬಿಳಿಯ ಬಟ್ಟೆಗೆ ಒಂದಿಷ್ಟು ಪಾಲಿಶ್ ಹಾಕಿ ಕೈಯಿಂದಲೇ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ತಿಳಿಲೇಪವಿಲ್ಲ, ಅದು ಹಳೆಯ ಪದ್ಧತಿಯ ಬಣ್ಣ, ಹತ್ತದಿದ್ದರೆ ತಿಳಿಲೇಪವಿದೆ. ಬಳಿಕ ಒಂದು ಅಡಿ ಚದರ ಜಾಗವನ್ನು ಗುರುತು ಮಾಡಿ, ಇರುವುದರಲ್ಲಿ ಅತಿ ನಯವಾದ ಪಾಲಿಶನ್ನೂ ಅತಿ ಮೆತ್ತನೆಯ ಪ್ಯಾಡನ್ನೂ ಪ್ರಯೋಗಿಸಿ ನೋಡಬೇಕು. ಗೀರು ಹೋಯಿತೋ, ಅದೇ ಸಾಕು. ಹೋಗಲಿಲ್ಲವೋ, ಒಂದು ಮೆಟ್ಟಿಲು ಮೇಲೇರಬೇಕು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂದು ನಮ್ಮ ಹಿರಿಯರು ಹೇಳಿದ್ದು ಈ ಕಸುಬಿನ ಮೊದಲ ಸೂತ್ರವಾಗಬಹುದು. ನಯದಿಂದ ಆರಂಭಿಸಿದವನು ಬಿರುಸಿಗೆ ಹೋಗಬಹುದು. ಬಿರುಸಿನಿಂದ ಆರಂಭಿಸಿದವನು ಕಳೆದದ್ದನ್ನು ಮರಳಿ ತರಲಾರ.

ಹೆಚ್ಚಿನವರು ಈ ಕೆಲಸವನ್ನು ತಾವೇ ಮಾಡುವುದಿಲ್ಲ, ಅಂಗಡಿಗೆ ಕೊಡುತ್ತಾರೆ. ಅಲ್ಲಿಯೂ ನೀವು ಈ ಮಾತನ್ನು ಸಂಕೋಚವಿಲ್ಲದೆ ಆಡಬಹುದು. ‘ಮೇಸ್ತ್ರಿಗಳೇ, ಮೊದಲು ಒಂದು ಅಡಿ ಜಾಗ ಮಾಡಿ ತೋರಿಸಿ. ಬಿಸಿಲಿನಲ್ಲಿ ನೋಡೋಣ’ ಎನ್ನಿ. ಕೆಲಸ ಬಲ್ಲವರು ‘ಆಗಲಿ ಸಾರ್’ ಎಂದು ಸಂತೋಷದಿಂದ ತೋರಿಸುತ್ತಾರೆ. ‘ಅದೆಲ್ಲ ಏನೂ ಬೇಡ ಸಾರ್, ಎಲ್ಲ ಕಾರಿಗೂ ನಮ್ಮಲ್ಲಿ ಒಂದೇ ಟ್ರೀಟ್‌ಮೆಂಟು’ ಎಂದರೆ ಕೀಲಿಕೈಯನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ.

ಯಂತ್ರದ ವಿಷಯದಲ್ಲಿಯೂ ಒಂದೆರಡು ಮಾತು. ಒಂದು ಬಗೆಯ ಯಂತ್ರ ಒಂದೇ ಅಚ್ಚಿನ ಸುತ್ತ ಗಿರ್ರನೆ ತಿರುಗುತ್ತದೆ. ಅದು ವೇಗವಾಗಿ ಸವೆಸುತ್ತದೆ, ಬೇಗ ಬಿಸಿಯಾಗಿಸುತ್ತದೆ, ಪಳಗದ ಕೈಯಲ್ಲಿ ಬಿಸಿಲಿಗೆ ಕಾಣುವ ಬಿಲ್ಲುಬಿಲ್ಲಾದ ಗುರುತುಗಳನ್ನು ಉಳಿಸುತ್ತದೆ. ಇನ್ನೊಂದು ಬಗೆಯದು ತಿರುಗುತ್ತಲೇ ಅತ್ತಿತ್ತ ಓಲಾಡುತ್ತದೆ. ನಿಧಾನ, ಆದರೆ ಅಪಾಯ ಕಡಿಮೆ. ಯಾವುದೇ ಯಂತ್ರವಾಗಲಿ, ಕೆಲಸ ನೆರಳಿನಲ್ಲಿ, ತಣ್ಣಗಿರುವ ತಗಡಿನ ಮೇಲೆ ನಡೆಯಬೇಕು. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಕೈಯಿಡಲಾಗದಂತೆ ಕಾದ ಬಾನೆಟ್ಟಿನ ಮೇಲೆ ಬಣ್ಣ ಇನ್ನಷ್ಟು ಮೆದುವಾಗಿರುತ್ತದೆ, ಪಾಲಿಶ್ ಹಾಕಿದ ಕ್ಷಣವೇ ಒಣಗಿ ಗಂಟು ಕಟ್ಟುತ್ತದೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣು, ಮೂಲೆ ಇವುಗಳ ಮೇಲೆ ಬಣ್ಣ ಸ್ವಭಾವತಃ ತೆಳು. ಪ್ಯಾಡಿನ ಒತ್ತಡವೆಲ್ಲ ಅಲ್ಲಿಯೇ ಬೀಳುತ್ತದೆ. ತಳ ಕಾಣಿಸಿಕೊಳ್ಳುವ ಅನಾಹುತ ಹೆಚ್ಚಾಗಿ ಆಗುವುದು ಅಲ್ಲಿಯೇ. ಜಾಣನಾದ ಕೆಲಸಗಾರ ಅಂಚುಗಳಿಗೆ ಅಂಟುಪಟ್ಟಿ ಹಚ್ಚಿದ ಮೇಲೆಯೇ ಯಂತ್ರವನ್ನು ಚಾಲೂ ಮಾಡುತ್ತಾನೆ.

ಎಲ್ಲ ಗೀರುಗಳನ್ನೂ ತೆಗೆಯಬೇಕೆಂಬ ಹಟವೂ ಬೇಡ. ಗೀರಿನ ಮೇಲೆ ಅಡ್ಡಲಾಗಿ ಉಗುರನ್ನು ಹಗುರವಾಗಿ ಎಳೆದು ನೋಡಿ. ಉಗುರು ಜಾರಿಹೋದರೆ ಗೀರು ಮೇಲುಮೇಲಿನದು, ತೆಗೆಯಬಹುದು. ಉಗುರು ಸಿಕ್ಕಿಕೊಂಡರೆ ಅದು ಆಳಕ್ಕೆ ಹೋಗಿದೆ. ಅದನ್ನು ಪೂರ್ತಿ ತೆಗೆಯಹೊರಟರೆ ಸುತ್ತಲಿನ ಒಳ್ಳೆಯ ಬಣ್ಣವನ್ನು ಬಲಿಕೊಟ್ಟಂತೆ. ಅಂಥದನ್ನು ಸ್ವಲ್ಪ ಮಾಸುವಂತೆ ಮಾಡಿ ಬಿಟ್ಟುಬಿಡುವುದೇ ವಿವೇಕ. ಬಣ್ಣದ ದಪ್ಪವನ್ನು ಅಳೆಯುವ ಕೈಹಿಡಿಯಷ್ಟು ಗಾತ್ರದ ಮೀಟರುಗಳು ಈಗ ಒಳ್ಳೆಯ ಅಂಗಡಿಗಳಲ್ಲಿ ಇರುತ್ತವೆ. ಸಾಮಾನ್ಯ ಮೀಟರು ಲೋಹದ ತಗಡಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಪ್ಲಾಸ್ಟಿಕ್ ಬಂಪರಿನ ಮೇಲೆ ಅಲ್ಲ; ಎಲ್ಲ ಪದರಗಳ ಒಟ್ಟು ದಪ್ಪವನ್ನು ತೋರಿಸುತ್ತದೆಯೇ ಹೊರತು ತಿಳಿಲೇಪ ಒಂದರದ್ದನ್ನಲ್ಲ. ಆದರೂ ಒಂದು ಕಡೆ 120 ಇದ್ದು ಇನ್ನೊಂದು ಕಡೆ 80 ತೋರಿಸಿದರೆ, ಹಿಂದೆ ಯಾರೋ ಅಲ್ಲಿ ಉಜ್ಜಿದ್ದಾರೆಂದು ಸಂಶಯಪಡಬೇಕು. 300 ತೋರಿಸಿದರೆ ಅಲ್ಲಿ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆಂದು ತಿಳಿಯಬೇಕು.

ಹೊಳಪಿನ ಹೆಸರಿನಲ್ಲಿ ನಡೆಯುವ ಕಣ್ಕಟ್ಟನ್ನೂ ಇಲ್ಲಿ ಹೇಳಬೇಕು. ಕೆಲವು ಪಾಲಿಶ್‌ಗಳಲ್ಲಿ ಎಣ್ಣೆಯೂ ಮೇಣವೂ ಸೇರಿದ್ದು, ಅವು ಗೀರುಗಳೊಳಗೆ ತುಂಬಿಕೊಂಡು ಅವನ್ನು ಮರೆಮಾಡುತ್ತವೆ. ಹಳೆಯ ಕಾರು ಮಾರುವವರಲ್ಲಿ ಕೆಲವರು ಡೀಸೆಲಿನಲ್ಲಿಯೋ ಎಣ್ಣೆಯಲ್ಲಿಯೋ ಅದ್ದಿದ ಬಟ್ಟೆಯಿಂದ ಒರೆಸಿ ನಿಲ್ಲಿಸುವುದೂ ಇದೇ ಉಪಾಯ. ನಾಲ್ಕು ಸಲ ತೊಳೆದರೆ ಗೀರುಗಳೆಲ್ಲ ಮೊದಲಿನ ಜಾಗದಲ್ಲಿಯೇ ಹಾಜರು. ಮೇಣ ಹಚ್ಚುವುದು ತಪ್ಪಲ್ಲ. ಬ್ರೆಜಿಲ್ ದೇಶದ ತಾಳೆಯ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣ ಬಣ್ಣಕ್ಕೆ ಒಳ್ಳೆಯ ಹೊದಿಕೆ. ಹೊದಿಕೆಯನ್ನು ಹೊದಿಕೆ ಎಂದೇ ಹೇಳಿ ಮಾರಬೇಕು, ಚಿಕಿತ್ಸೆ ಎಂದು ಹೇಳಬಾರದು. ಒಪ್ಪ ಹಾಕಿಸಿದ ಕಾರನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ದುಡ್ಡು ಕೊಡಬೇಡಿ. ನೇರ ಬಿಸಿಲಿಗೆ ತಂದು ನೋಡಿ. ಬಿಸಿಲು ಯಾರ ಮುಲಾಜನ್ನೂ ನೋಡುವುದಿಲ್ಲ.

‘ಪೊರೆ ಸವೆದರೆ ಸವೆಯಲಿ, ಮತ್ತೆ ಬಣ್ಣ ಹೊಡೆಸಿದರಾಯಿತು’ ಎನ್ನುವವರೂ ಇದ್ದಾರೆ. ಅವರು ಎರಡು ಸಂಗತಿಗಳನ್ನು ಯೋಚಿಸಬೇಕು. ಮೊದಲನೆಯದಾಗಿ, ಕಾರ್ಖಾನೆಯಲ್ಲಿ ಬರಿಯ ತಗಡಿನ ಗೂಡಾಗಿದ್ದ ಕಾರನ್ನು 140 ಡಿಗ್ರಿಯಲ್ಲಿ ಬೇಯಿಸಿದ ಹಾಗೆ, ರಬ್ಬರು, ಗಾಜು, ಆಸನ, ತಂತಿ ಎಲ್ಲ ಸೇರಿದ ಕಾರನ್ನು ಬೇಯಿಸುವಂತಿಲ್ಲ. ಗ್ಯಾರೇಜಿನ ಗೂಡಿನ ಶಾಖ ಸುಮಾರು 60 ಡಿಗ್ರಿ. ಅಷ್ಟರಲ್ಲಿಯೇ ಗಟ್ಟಿಯಾಗಬೇಕಾದರೆ ಬಣ್ಣಕ್ಕೆ ಹಾರ್ಡನರ್ ಎಂಬ ಎರಡನೆಯ ದ್ರವ ಬೆರೆಸಬೇಕು. ಹಾಗೆ ಹೊಡೆದ ಹೊಸ ಬಣ್ಣ ಪೂರ್ತಿ ಬಲಿಯಲು ವಾರಗಳು ಬೇಕು, ಅಲ್ಲಿಯವರೆಗೆ ಅದು ಬಲು ಮೆದು.

ಎರಡನೆಯದು ಹೆಚ್ಚು ಗಂಭೀರವಾದದ್ದು. ಆ ಹಾರ್ಡನರಿನಲ್ಲಿರುವುದು ಐಸೊಸಯನೇಟ್ ಎಂಬ ವರ್ಗದ ರಾಸಾಯನಿಕ. ಬಣ್ಣ ಹೊಡೆಯುವಾಗ ಮಂಜಿನಂತೆ ಏಳುವ ತುಂತುರನ್ನು ಉಸಿರಿಗೆಳೆದುಕೊಂಡವರಿಗೆ ಉಬ್ಬಸ ಬರಬಹುದು. ಕಸುಬಿನಿಂದ ಬರುವ ಉಬ್ಬಸಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದೆಂದು ವೈದ್ಯರು ಗುರುತಿಸಿದ್ದಾರೆ. ಒಮ್ಮೆ ದೇಹ ಅದಕ್ಕೆ ಪ್ರತಿಕೂಲವಾಯಿತೆಂದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಎದೆಯನ್ನು ಬಿಗಿಯಿಸುತ್ತದೆ. ಆ ಮನುಷ್ಯ ಕಲಿತ ಕಸುಬನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತಂದು ಕೊಡುವ ಮುಖವಾಡವೂ, ಗಾಳಿಯಾಡುವ ಗೂಡೂ ಬೇಕು. ನಮ್ಮ ಊರುಗಳ ರಸ್ತೆಬದಿಯ ಎಷ್ಟೋ ಶೆಡ್ಡುಗಳಲ್ಲಿ ಇವೆರಡೂ ಇಲ್ಲ. ಅಂದಮೇಲೆ, ಅಜಾಗರೂಕತೆಯಿಂದ ಸವೆಸಿದ ಪ್ರತಿಯೊಂದು ಬಾನೆಟ್ಟಿನ ಬೆಲೆಯನ್ನು ಮಾಲೀಕ ದುಡ್ಡಿನಲ್ಲಿ ತೆತ್ತರೆ, ಇನ್ನೊಬ್ಬ ಉಸಿರಿನಲ್ಲಿ ತೆರುತ್ತಾನೆ. ಬಣ್ಣ ಹೊಡೆಸಲೇಬೇಕಾದಾಗ, ಹೊಡೆಯುವವರಿಗೆ ಸರಿಯಾದ ಮುಖವಾಡ ಇದೆಯೇ ಎಂದು ಕೇಳಿ ಅಂಗಡಿಯನ್ನು ಆರಿಸಿಕೊಳ್ಳುವುದು ಗಿರಾಕಿಯ ಕೈಯಲ್ಲಿರುವ ಧರ್ಮ.

ಇಷ್ಟೆಲ್ಲ ಹೇಳಿದ ಮೇಲೆ, ಗೀರು ಬಾರದಂತೆ ನೋಡಿಕೊಳ್ಳುವುದೇ ಉತ್ತಮವೆಂದು ಬೇರೆ ಹೇಳಬೇಕಾಗಿಲ್ಲ. ಕಾರಿನ ಮೈಗೆ ಗೀರು ಬೀಳುವುದು ಹೆಚ್ಚಾಗಿ ರಸ್ತೆಯಲ್ಲಿ ಓಡುವಾಗ ಅಲ್ಲ, ಮನೆಯ ಮುಂದೆ ಒರೆಸುವಾಗ. ಬೆಳಗಿನ ಹೊತ್ತು ಒಣಗಿದ ಧೂಳಿನ ಮೇಲೆ ಒಣಬಟ್ಟೆಯನ್ನು ಎಳೆದರೆ, ಬೆಣಚಿನ ಪುಡಿಯಿಂದ ಬಣ್ಣಕ್ಕೆ ಸಾಣೆ ಹಿಡಿದಂತೆ. ಒಂದೇ ಬಕೆಟ್ಟಿನ ನೀರಿನಲ್ಲಿ ಹತ್ತು ಕಾರು ಒರೆಸಿದರೆ ಒಂಬತ್ತು ಕಾರುಗಳ ಮರಳು ಹತ್ತನೆಯದಕ್ಕೆ. ಇದರಲ್ಲಿ ತಿಂಗಳಿಗಿಷ್ಟೆಂದು ಗೊತ್ತುಮಾಡಿಕೊಂಡು ತೊಳೆಯುವ ಹುಡುಗನ ತಪ್ಪೇನೂ ಇಲ್ಲ. ನಾವು ಅವನಿಗೆ ಕೊಟ್ಟಿರುವ ನೀರು ಅಷ್ಟೆ, ಬಟ್ಟೆ ಅಷ್ಟೆ, ಹೊತ್ತು ಅಷ್ಟೆ. ‘ಏನಪ್ಪಾ, ದಿನಾ ಒರೆಸುವುದು ಬೇಡ, ವಾರಕ್ಕೊಂದು ಸಲ ಚೆನ್ನಾಗಿ ತೊಳೆದರೆ ಸಾಕು’ ಎಂದು ಹೇಳಿ, ತಿಂಗಳ ಹಣವನ್ನು ಕಡಿಮೆ ಮಾಡದೆ, ಎರಡು ಬಕೆಟ್ಟು ಕೊಡಿ: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ತಿಳಿನೀರು. ಮೊದಲು ಬರಿಯ ನೀರು ಸುರಿದು ಮಣ್ಣನ್ನು ಇಳಿಸಿ, ಆಮೇಲೆ ಛಾವಣಿಯಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಕೆಸರು ಹೆಚ್ಚಾಗಿರುವ ಚಕ್ರದ ಬದಿಗೆ ಬೇರೆಯೇ ಬಟ್ಟೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ನೀರನ್ನು ಮೈಮೇಲೆ ಆರಲು ಬಿಟ್ಟರೆ ಸುಣ್ಣದ ಬೊಟ್ಟುಗಳು ಕೂರುತ್ತವೆ; ನೆರಳಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಹಕ್ಕಿಯ ಹಿಕ್ಕೆಯನ್ನು ಉಜ್ಜದೆ, ನೀರಿನಲ್ಲಿ ನೆನೆಸಿ ಅಂದೇ ತೆಗೆಯಬೇಕು. ಬಿಸಿಲಿಗೆ ಬಿಟ್ಟರೆ ಅದು ಬಣ್ಣವನ್ನು ಕೊರೆಯುತ್ತದೆ.

ಗಡಸು ಬಣ್ಣದ ಕಾರುಳ್ಳವರು ಗಡಸೆಂಬ ಧೈರ್ಯದಲ್ಲಿ ಅಸಡ್ಡೆ ಮಾಡಬಾರದು: ಗೀರು ತಡವಾಗಿ ಬಿದ್ದರೂ ಬಿದ್ದ ಮೇಲೆ ತೆಗೆಯುವುದು ಕಷ್ಟ. ಮೆದು ಬಣ್ಣದ ಕಾರುಳ್ಳವರು ಎದೆಗುಂದಬೇಕಾಗಿಲ್ಲ: ಗೀರು ಬೇಗ ಬಿದ್ದರೂ ಹಗುರವಾದ ಕೈಗೆ ಅದು ಬೇಗ ಬಗ್ಗುತ್ತದೆ. ಇಬ್ಬರಿಗೂ ಅನ್ವಯಿಸುವ ಮಾತು ಒಂದೇ. ವರ್ಷಕ್ಕೆ ಎರಡು ಸಲ ಉಜ್ಜಿಸಿ ಕನ್ನಡಿಯಂತೆ ಮಾಡುವುದಕ್ಕಿಂತ, ನಾಲ್ಕು ಸಣ್ಣ ಗೀರುಗಳ ಜೊತೆ ಬದುಕಿ ಪೊರೆಯನ್ನು ಉಳಿಸಿಕೊಂಡ ಕಾರು ಹೆಚ್ಚು ವರ್ಷ ಹೊಸದಾಗಿ ಕಾಣುತ್ತದೆ.